ವಿಶೇಷಣ ಬೇಡ

ಹತ್ತೊಂಬತ್ತು ವರ್ಷ ಪದ್ಮರಾಜ್ ಸಾರ್ ಹತ್ತಿರ ಗುಮಾಸ್ತನಾಗಿದ್ದೆ.
ಸೇರಿದ ದಿನ, ಬಳೇಪೇಟೆಯ ಮಹಡಿ ಆಫೀಸಿನಲ್ಲಿ,
ನಾನು ಬರೆದ ಮೊದಲ ಅರ್ಜಿಯ ಅರ್ಧ ಹೊಡೆದುಹಾಕಿ ಅಂದರು:
ಕಾಗದದ ಮೇಲೆ ಅಳಬೇಡವೋ, ತಾರೀಖು ಬರಿ.
ಯಾರು, ಎಲ್ಲಿ, ಎಷ್ಟು ರೂಪಾಯಿ.
ವಿಶೇಷಣ ಬೇಡ. ಜಡ್ಜಿಗೆ ಕನಿಕರ ಬರುವುದಿದ್ದರೆ
ಎರಡು ತಾರೀಖಿನ ನಡುವಿನ ಜಾಗದಲ್ಲಿ ಬರುತ್ತೆ.

ಹಾಗೇ ಬರೆಯುತ್ತೇನೆ.

ಪಿಳ್ಳಮ್ಮ, ಗಂಡ ಲೇಟ್ ಹನುಮಂತರಾಯಪ್ಪ,
ಕಸುಬು ಸೊಪ್ಪಿನ ವ್ಯಾಪಾರ, ವಾಸ ಗುಟ್ಟಹಳ್ಳಿ.
ಮಾರ್ಚ್ ಒಂಬತ್ತು, ಬೆಳಗಿನ ಐದೂ ಕಾಲು,
ಗೊರಗುಂಟೆಪಾಳ್ಯದ ಸಿಗ್ನಲ್, ಒಂದು ಸೈಕಲ್, ಒಂದು ಲಾರಿ.
ರಸ್ತೆಯ ಮೇಲೆ ಬ್ರೇಕಿನ ಗುರುತು ಇಲ್ಲ: ಮಹಜರು, ಪುಟ ಎರಡು.
ಪರಿಹಾರ ಆರು ಲಕ್ಷ ಹದಿನೆಂಟು ಸಾವಿರ.
ಡಿಸೆಂಬರ್ ನಾಲ್ಕಕ್ಕೆ ಖಾತೆಗೆ ಬಂತು.
ಡಿಸೆಂಬರ್ ಏಳಕ್ಕೆ ಹೋಯಿತು,
ಮೊದಲೇ ಹಾಕಿಸಿಟ್ಟ ಸಹಿಯ ಚೆಕ್ಕಿನಿಂದ.

ಆಯಮ್ಮ ಅದುವರೆಗೆ ಹೆಬ್ಬೆಟ್ಟು.
ಸಹಿ ಕಲಿಸಿದವನು ನಾನು.
ಮೂರಕ್ಷರ, ಎರಡು ಒತ್ತು.
ಹಳೇ ಕಾಸ್‌ಲಿಸ್ಟಿನ ಹಿಂಬದಿಯಲ್ಲಿ ಒಂದು ವಾರ ತಿದ್ದಿಸಿದೆ.
ಯಾಕೆ ಅಂತ ಕೇಳಲಿಲ್ಲ ನಾನು.
ಕೇಳಲಿಲ್ಲ ಅನ್ನುವುದಕ್ಕೆ ತಾರೀಖು ಇಲ್ಲ.

ಆಮೇಲೆ ಎರಡು ವರ್ಷ
ತಿಂಗಳಿಗೊಮ್ಮೆ ಮೆಟ್ಟಿಲು ಹತ್ತಿ ಬರುತ್ತಿದ್ದರು.
ಅಪೀಲಿನಲ್ಲಿದೆ ತಾಯಿ, ಅನ್ನುತ್ತಿದ್ದರು ಸಾರ್.
ದಂಟು, ಸಬ್ಬಸಿಗೆ, ಒಮ್ಮೊಮ್ಮೆ ಚಕ್ಕೋತ.
ಕಟ್ಟುಗಳನ್ನು ಕೆಳಗೊಯ್ದು ಕಾರಿನಲ್ಲಿಡುತ್ತಿದ್ದೆ.
ಒಂದು ಕಟ್ಟು ನನಗೂ.
ಮನೆಯಲ್ಲಿ ಮಸ್ಸೊಪ್ಪು ಮಾಡುತ್ತಿದ್ದರು, ಉಣ್ಣುತ್ತಿದ್ದೆ.

ಒಂದು ಶನಿವಾರ ಸಾರ್ ಇರಲಿಲ್ಲ.
ಮಗಳು ಎಂಟ್ರಿ ಹಾಕಿಸಿ ತಂದ ಪಾಸ್‌ಬುಕ್ಕನ್ನು
ಆಯಮ್ಮ ನನ್ನ ಮೇಜಿನ ಮೇಲೆ ತೆರೆದಿಟ್ಟರು.
ಬೈಯಲಿಲ್ಲ.
ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಿಂತರು.
ಬೆರಳ ಸಂದಿಯಲ್ಲಿ ಮಣ್ಣು.

ದೂರನ್ನು ಸಾರ್ ಕಂಪ್ಯೂಟರಿನಲ್ಲೇ ಟೈಪ್ ಮಾಡಿದೆ,
ಸಾರ್ ಪ್ರಿಂಟರಿನಲ್ಲೇ ಪ್ರತಿ ತೆಗೆದೆ,
ಸಾರ್ ಹೇಳಿಕೊಟ್ಟ ಹಾಗೇ:
ಯಾರು, ಎಲ್ಲಿ, ಎಷ್ಟು ರೂಪಾಯಿ.

ವಕೀಲರ ಪರಿಷತ್ತಿನ ಶಿಸ್ತು ಸಮಿತಿ.
ಅಂಬೇಡ್ಕರ್ ಬೀದಿಯ ಟ್ರಾಫಿಕ್ಕು ಕಿಟಕಿಯಿಂದ ಒಳಗೆ ಬರುತ್ತಿತ್ತು.
ಮೂರು ಜನ ಕೂತಿದ್ದರು, ಒಬ್ಬರಿಗೆ ನೆಗಡಿ.
ಸಾರ್ ಆ ದಿನ ಎದುರುದಾರ.
ದೂರನ್ನು ಮೊದಲಿಂದ ಓದಿದರು, ಮತ್ತೆ ಮೊದಲಿಂದ ಓದಿದರು.
ಇದನ್ನು ಬರೆದುಕೊಟ್ಟವರು ಯಾರಮ್ಮ, ಅಧ್ಯಕ್ಷರು ಕೇಳಿದರು.
ನಾನು ಹೇಳ್ದೆ ಸ್ವಾಮಿ, ಯಾರೋ ಟೈಪ್ ಹೊಡುದ್ರು.
ಬಾಗಿಲ ಹತ್ತಿರ ಫೈಲು ಹಿಡಿದು ನಿಂತಿದ್ದೆ ನಾನು,
ಸಾರ್ ಫೈಲು.
ಅವರು ತಿರುಗಿ ನೋಡಲಿಲ್ಲ.
ಡ್ರಾಫ್ಟಿಂಗ್ ಚೆನ್ನಾಗಿದೆ, ಅಂದರು,
ತಾರೀಖುಗಳ ಬಗ್ಗೆ ನನ್ನ ತಕರಾರಿಲ್ಲ.

ಸನ್ನದು ಮೂರು ವರ್ಷ ಅಮಾನತು.

ಆಯಮ್ಮನಿಗೆ ಅರ್ಥವಾಗಲಿಲ್ಲ.
ಕೋಟು ಬಿಚ್ಚಿಸಿದ್ರಿ ಸರಿ, ನನ್ನ ದುಡ್ಡು ಸ್ವಾಮಿ?
ಅದಕ್ಕೆ ಬೇರೆ ಕೇಸು ಹಾಕಬೇಕಮ್ಮ,
ಅಂದರು ನೆಗಡಿಯವರು, ಕರವಸ್ತ್ರದ ಹಿಂದಿನಿಂದ.

ಕೆಳಗೆ ಸಾರ್ ಆಟೋ ಹಿಡಿದರು.
ಕಾರು ಯಾವಾಗ ಮಾರಿದರೋ ನನಗೆ ಗೊತ್ತಿರಲಿಲ್ಲ.
ಹತ್ತುವ ಮುಂಚೆ ಆಫೀಸಿನ ಬೀಗದಕೈ ನನ್ನ ಕೈಗಿಟ್ಟು,
ಬೋರ್ಡು ಇಳಿಸಿಬಿಡು ಚೌಡಪ್ಪ, ಅಂದರು,
ಜನ ನೋಡೋಕೆ ಮುಂಚೆ.

ಇಳಿಸಿದೆ. ಗೋಡೆಯ ಮೇಲೆ ಅದರಳತೆಯ ಬಿಳುಪು ಉಳಿಯಿತು.

ಇವತ್ತು ಆಯಮ್ಮನ ಎರಡನೇ ಕೇಸಿಗೆ ದಾವೆ ಬರೆಯುತ್ತಿದ್ದೇನೆ,
ಮೇಯೋ ಹಾಲಿನ ಮುಂದೆ, ಬಾಡಿಗೆ ಮೇಜಿನ ಮೇಲೆ.
ನಾಳೆ ಯಾರಾದರೊಬ್ಬ ವಕೀಲರು ವಕಾಲತ್ತು ಹಾಕಬೇಕು,
ಕೇಳಿದ ನಾಲ್ವರಲ್ಲಿ ಒಬ್ಬರು ನೋಡೋಣ ಅಂದಿದ್ದಾರೆ.
ಪ್ರತಿವಾದಿ: ಪದ್ಮರಾಜ್. ತಂದೆ ಹೆಸರು ಗೊತ್ತು,
ವಯಸ್ಸು ಗೊತ್ತು, ಸಕ್ಕರೆ ಕಾಯಿಲೆಯ ಮಾತ್ರೆಯ ಹೆಸರೂ ಗೊತ್ತು.
ಕಸುಬು, ಅನ್ನುವಲ್ಲಿ ಬೆರಳು ನಿಂತಿತು.
ವಕೀಲರು, ಎಂದು ಹೊಡೆದು ಅಳಿಸಿದೆ.
ಮಾಜಿ, ಎಂದು ಹೊಡೆದೆ.
ಅದು ವಿಶೇಷಣ.

ಖಾಲಿ ಬಿಟ್ಟಿದ್ದೇನೆ.
ಪಿಳ್ಳಮ್ಮ ಸಹಿ ಹಾಕುತ್ತಿದ್ದಾರೆ, ಪುಟ ಪುಟಕ್ಕೂ,
ಪ್ರತಿ ಪುಟವನ್ನೂ ನನ್ನಿಂದ ಓದಿಸಿ,
ಮಗಳಿಂದ ಇನ್ನೊಮ್ಮೆ ಓದಿಸಿ.